ಹಾಲ್ ಗಡಿಯಾರದ ಹತ್ತು ನಿಮಿಷ

ನಮ್ಮ ಮನೆಗೆ ಬಂದವರು ಒಂದಲ್ಲ ಒಂದು ಹೊತ್ತಿಗೆ ಹಾಲ್‌ನ ಗೋಡೆ ನೋಡುತ್ತಾರೆ. ನೋಡಿದವರೇ ಕಾಫಿ ಲೋಟ ಅರ್ಧಕ್ಕೆ ಇಟ್ಟು ಗಡಬಡಿಸಿ ಏಳುತ್ತಾರೆ. "ಅಯ್ಯೋ, ಎಂಟಾಗಿ ಹೋಯ್ತು!" ಆಗ ಅಡುಗೆಮನೆಯಿಂದ ಅತ್ತೆ, ವರಾಂಡದಿಂದ ಮಾವ, ಮೆಟ್ಟಿಲ ಮೇಲಿಂದ ನನ್ನ ಹೆಂಡತಿ ಒಂದೇ ದನಿಯಲ್ಲಿ ಕೂಗುತ್ತಾರೆ: "ಕೂತ್ಕೊಳ್ಳಿ, ಅದು ಹತ್ತು ನಿಮಿಷ ಮುಂದಿದೆ!"

ಬಂದವರು ಕೂರುತ್ತಾರೆ. ನಾನು ಹಲ್ಲು ಕಚ್ಚಿಕೊಳ್ಳುತ್ತೇನೆ. ಯಾಕೆಂದರೆ ಅದು ಹತ್ತು ನಿಮಿಷ ಮುಂದಿಲ್ಲ. 11 ನಿಮಿಷ 40 ಸೆಕೆಂಡು ಮುಂದಿದೆ. ಅಳೆದಿದ್ದೇನೆ.

ಗಡಿಯಾರ ಮುಂದಿರಲಿ, ಬೇಡ ಅನ್ನುವುದಿಲ್ಲ. ತುಮಕೂರಿನಲ್ಲಿ ಗಡಿಯಾರ ಮುಂದಿಡದ ಮನೆ ಯಾವುದಿದೆ? ಆದರೆ ಹತ್ತು ಅಂದಮೇಲೆ ಹತ್ತಿರಬೇಕು. ಸುಳ್ಳು ಹೇಳುವುದಾದರೂ ಒಂದು ಅಚ್ಚುಕಟ್ಟು ಬೇಡವೇ? ಇದನ್ನು ಒಮ್ಮೆ ಬಾಯಿಬಿಟ್ಟು ಹೇಳಿದೆ. ಅತ್ತೆ ನನ್ನನ್ನು ನೋಡಿದ ರೀತಿ ನೋಡಿ ಎರಡನೇ ಸಲ ಹೇಳಲಿಲ್ಲ.

ನಾನಿರುವುದು ಮಾವನ ಮನೆಯಲ್ಲಿ. ಮನೆಯಳಿಯ ಅನ್ನಿ, ಬೇಜಾರಿಲ್ಲ. ಹಾಲ್ ಅವರದು, ಹಾಲ್‌ನ ಟೈಮೂ ಅವರದು. ಮಹಡಿಯ ಸಣ್ಣ ಕೋಣೆ ನನ್ನದು. ಅಲ್ಲಿ ಒಂದು ರುಬಿಡಿಯಂ ಗಡಿಯಾರವಿದೆ, ರುಬಿಡಿಯಂ ಎಂಬ ಲೋಹದ ಪರಮಾಣುಗಳ ಮಿಡಿತ ಹಿಡಿದು ಟೈಮು ಕಾಯುವಂಥದ್ದು. ಗಡಿಯಾರ ಎಂದರೆ ಮುಳ್ಳಿಲ್ಲ, ಅಂಕಿಯಿಲ್ಲ, ಟಿಕ್ ಟಿಕ್ ಕೂಡ ಇಲ್ಲ. ಟಿಫಿನ್ ಡಬ್ಬಿಯಷ್ಟು ದೊಡ್ಡ ಲೋಹದ ಪೆಟ್ಟಿಗೆ, ಅಷ್ಟೆ. ಯಾವುದೋ ಮೊಬೈಲ್ ಟವರಿನಿಂದ ಕಿತ್ತು ಗುಜರಿಗೆ ಹಾಕಿದ್ದು, ಎಲ್ಲೆಲ್ಲೋ ಸುತ್ತಿ ನನ್ನ ಹತ್ತಿರ ಬಂತು. 15 ವೋಲ್ಟ್ ಕೊಟ್ಟರೆ ಐದಾರು ನಿಮಿಷ ಬಿಸಿಯಾಗಿ, ಆಮೇಲೆ 'ಲಾಕ್' ಆಗುತ್ತದೆ, ಅಂದರೆ ಆ ಮಿಡಿತಕ್ಕೆ ಸರಿಯಾಗಿ ಕೂರುತ್ತದೆ. ಅದರ ಪಕ್ಕದಲ್ಲಿ ಜಿಪಿಎಸ್ ರಿಸೀವರ್. ಅದರ ಆಂಟೆನಾ ಮೇಲೆ ತಾರಸಿಯಲ್ಲಿ, ಸೋಲಾರ್ ಹೀಟರಿಗೂ ಹಪ್ಪಳ ಒಣಗುವ ಚಾಪೆಗೂ ನಡುವೆ. ಇನ್ನೊಂದು ಕಡೆ ಸೋವಿಯತ್ ಕಾಲದ ಆರು ನಿಕ್ಸಿ ಟ್ಯೂಬು. 170 ವೋಲ್ಟಿನಲ್ಲಿ ಕೆಂಡದ ಬಣ್ಣಕ್ಕೆ ಅಂಕಿ ತೋರಿಸುತ್ತವೆ. ಶಾಕ್ ಹೊಡೆಯುತ್ತವೆ ಕೂಡ. ಕಪಾಟಿನ ಮೇಲೆ ವಾಲ್ವ್ ರೇಡಿಯೊ ಒಂದಿದೆ. ಹಿಂದೆ ಅದರಲ್ಲಿ ಬೆಂಗಳೂರು ಆಕಾಶವಾಣಿ, 612 ಕಿಲೋಹರ್ಟ್ಸ್, ಗಂಟೆ ಹೊಡೆದಷ್ಟು ಸ್ಪಷ್ಟವಾಗಿ ಬರುತ್ತಿತ್ತು. ಈಗ ಬೀದಿ ತುಂಬಾ ಎಲ್‌ಇಡಿ ಬಲ್ಬು. ರೇಡಿಯೊ ಹಾಕಿದರೆ ಒಗ್ಗರಣೆಯ ಸದ್ದು.

"ಇದರಿಂದ ಏನು ಉಪಯೋಗ?" ಎಂದು ಕೇಳುವವರಿದ್ದಾರೆ. ಎರಡು ಲಕ್ಷದ ಬೈಕಿನಲ್ಲಿ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬರುವವರನ್ನು ಇವರು ಈ ಪ್ರಶ್ನೆ ಕೇಳುವುದಿಲ್ಲ. ಇನ್ನು ಕೆಲವರು ಇನ್ನೂ ಬುದ್ಧಿವಂತರು. "ಫೋನಿನಲ್ಲೇ ಸರಿಯಾದ ಟೈಮ್ ಬರುತ್ತಲ್ಲ ಸಾರ್." ಬರುತ್ತದಪ್ಪಾ. ಎಲ್ಲಿಂದ ಬರುತ್ತದೆ? ಟವರು ತಾಳ ತಪ್ಪದೆ ಇರಲಿ ಎಂದೇ ಇಂಥ ಪೆಟ್ಟಿಗೆಯನ್ನು ಅದರ ಹೊಟ್ಟೆಯಲ್ಲಿ ಇಡುತ್ತಾರೆ. ಹಸು ಯಾಕೆ, ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತಲ್ಲ ಅಂದ ಹಾಗಾಯಿತು.

ನ್ಯಾಯವಾಗಿ ಹೇಳಬೇಕೆಂದರೆ, ನನ್ನ ರುಬಿಡಿಯಂ ಡಬ್ಬಿಯಿಂದ ಮನೆಗೆ ಒಂದು ಉಪಯೋಗ ಆಗಿದೆ. ಧನುರ್ಮಾಸದ ಚಳಿಯಲ್ಲಿ ಮೊಸರು ಹೆಪ್ಪಾಗುವುದಿಲ್ಲ. ಡಬ್ಬಿ ಹಗಲೂ ರಾತ್ರಿ ಬಿಸಿ. ಅತ್ತೆ ಇದನ್ನು ಕಂಡುಕೊಂಡು, ರಾತ್ರಿ ಒಂಬತ್ತೂವರೆಗೆ ಸದ್ದಿಲ್ಲದೆ ಬಂದು, ಹೆಪ್ಪು ಹಾಕಿದ ಪಾತ್ರೆಯನ್ನು ಅದಕ್ಕೆ ಒತ್ತಿ ಇಟ್ಟು ಹೋಗುತ್ತಿದ್ದರು. ನನಗೆ ಗೊತ್ತೇ ಇರಲಿಲ್ಲ. ಡಬ್ಬಿಯ ಟೈಮನ್ನು ಜಿಪಿಎಸ್ ಟೈಮಿನ ಜೊತೆ ಹೋಲಿಸುವ ನನ್ನ ಗ್ರಾಫಿನಲ್ಲಿ ಮಾತ್ರ ಪ್ರತಿ ರಾತ್ರಿ ಒಂದು ಗುಡ್ಡ ಏಳುತ್ತಿತ್ತು, ಬೆಳಗ್ಗೆ ಇಳಿಯುತ್ತಿತ್ತು. ಇನ್ನೂರು ನ್ಯಾನೋಸೆಕೆಂಡಿನ ಗುಡ್ಡ. ಒಂದು ನ್ಯಾನೋಸೆಕೆಂಡು ಎಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಉಪಗ್ರಹದ ದೋಷವಿರಬಹುದು ಎಂದುಕೊಂಡೆ. ವಾತಾವರಣವಿರಬಹುದು ಎಂದುಕೊಂಡೆ. ಆಂಟೆನಾ ಕೇಬಲ್ ಬದಲಿಸಿದೆ. ಮೂರು ವಾರದ ಮೇಲೆ ಒಂದು ರಾತ್ರಿ ನೀರು ಕುಡಿಯಲು ಎದ್ದವನಿಗೆ ಪಾತ್ರೆ ಕಂಡಿತು. ಮೊಸರು ಗಟ್ಟಿಯಾಗಿ, ಚೆನ್ನಾಗಿಯೇ ಇತ್ತು.

ಮಾವನ ವಿಷಯಕ್ಕೆ ಬರುತ್ತೇನೆ. ಗಡಿಯಾರ ಮುಂದಿಟ್ಟವರು ಏನೂ ತಿಳಿಯದವರಾಗಿದ್ದರೆ ನನಗೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ಮಾವ ಎಚ್‌ಎಂಟಿಯವರು. ಇದೇ ತುಮಕೂರಿನ ವಾಚ್ ಫ್ಯಾಕ್ಟರಿಯಲ್ಲಿ ದುಡಿದು ವಿಆರ್‌ಎಸ್ ತಗೊಂಡವರು. ಕ್ವಾರ್ಟ್ಜ್ ವಾಚಿನ ಹರಳು ಸೆಕೆಂಡಿಗೆ 32,768 ಸಲ ಅದುರುತ್ತದೆ. ಅದನ್ನು ಹದಿನೈದು ಸಲ ಅರ್ಧ ಮಾಡುತ್ತಾ ಹೋದರೆ ಒಂದು ಉಳಿಯುತ್ತದೆ, ಅದೇ ಸೆಕೆಂಡು. ಇದನ್ನು ನನಗೆ ಹೇಳಿಕೊಟ್ಟವರೇ ಅವರು, ಮದುವೆಯಾದ ಹೊಸದರಲ್ಲಿ, ಊಟದ ಎಲೆಯ ಮೇಲೆ ಕಡಲೆಬೀಜ ಇಟ್ಟು. ಹರಳಿಗೆ ಸೆಖೆಯೂ ಆಗದು, ಚಳಿಯೂ ಆಗದು, 25 ಡಿಗ್ರಿಯ ಆಸುಪಾಸು ಇದ್ದರೆ ಸುಖ, ಎರಡು ಕಡೆ ಎಲ್ಲಿ ಹೋದರೂ ನಿಧಾನವಾಗುತ್ತದೆ ಎಂದೂ ಹೇಳಿದ್ದರು. ಅಂಥವರ ಹಾಲ್‌ನಲ್ಲಿ ಈ ಗಡಿಯಾರ.

ಫ್ಯಾಕ್ಟರಿ ಬಸ್ಸು ಸರ್ಕಲ್ಲಿಗೆ ಬರುತ್ತಿತ್ತಂತೆ. ತಪ್ಪಿದರೆ ಸೈಕಲ್ಲೇ ಗತಿ. ಅದಕ್ಕೆ ಹತ್ತು ನಿಮಿಷ ಮುಂದಿಟ್ಟರು. ಬಸ್ಸು ನಿಂತಿತು. ಎಚ್‌ಎಂಟಿ ವಾಚಸ್ ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರವೇ ಒಪ್ಪಿತು. ಫ್ಯಾಕ್ಟರಿಯ ಜಾಗ ಇಸ್ರೋಗೆ ಹೋಯಿತು. ಗೋಡೆಯ ಮೇಲೆ ಬಸ್ಸಿನ ಟೈಮು ಹಾಗೇ ಉಳಿಯಿತು.

ಇಸ್ರೋ ಬಂದದ್ದು ಮಾವನಿಗೆ ಒಳಗೊಳಗೇ ಖುಷಿ. ನಮ್ಮದೇ ದಿಕ್ಸೂಚಿ ಉಪಗ್ರಹಗಳಿವೆಯಲ್ಲ, ನಾವಿಕ್, ಅದರ ಮೊದಲನೆಯದು 2013ರಲ್ಲಿ ಹಾರಿತ್ತು. ಅದರಲ್ಲಿದ್ದ ಮೂರೂ ರುಬಿಡಿಯಂ ಗಡಿಯಾರ ಕೈಕೊಟ್ಟ ಸುದ್ದಿ ಪೇಪರಿನಲ್ಲಿ ಬಂದಾಗ ನಾನು ತುಂಬಾ ನೊಂದುಕೊಂಡೆ. ಒಂದು ನ್ಯಾನೋಸೆಕೆಂಡು ತಪ್ಪಿದರೆ ನೆಲದ ಮೇಲೆ ಮೂವತ್ತು ಸೆಂಟಿಮೀಟರ್ ತಪ್ಪುತ್ತದೆ ಎಂದೆಲ್ಲ ವಿವರಿಸಿದೆ. ಮಾವ ಪೇಪರ್ ಮಡಿಸಿ, "ಸೆಲ್ ಹೋಗಿರ್ಬೇಕು" ಎಂದರು. 2023ರಲ್ಲಿ ಅದೇ ಸಾಲಿನ ಹೊಸ ಉಪಗ್ರಹ ಎನ್‌ವಿಎಸ್-01 ಹಾರಿತು. ಮೊದಲ ಸಲ ನಮ್ಮ ದೇಶದಲ್ಲೇ ಮಾಡಿದ ರುಬಿಡಿಯಂ ಗಡಿಯಾರ ಅದರಲ್ಲಿತ್ತು. ಆಗ ಅವರು ತುಂಬಾ ಹೊತ್ತು ಸುಮ್ಮನಿದ್ದು, "ಅಸೆಂಬ್ಲಿ ಯಾರದ್ದೋ" ಎಂದು ಮಾತ್ರ ಕೇಳಿದರು.

ನನ್ನ ಹವ್ಯಾಸ ನಿಜವಾಗಿ ಒಬ್ಬರ ಕೆಲಸಕ್ಕೆ ಬಂದ ಪ್ರಸಂಗವೂ ಒಂದಿದೆ. ಸ್ವಲ್ಪ ಉದ್ದ, ತಡೆದುಕೊಳ್ಳಿ.

ನನ್ನ ಹೆಂಡತಿಯ ದೊಡ್ಡಮ್ಮನ ಮಗ ಶಿರಾ ರೋಡಿನ ಕಡೆ ಮನೆ ಕಟ್ಟಿಸಿದ. ಗೃಹಪ್ರವೇಶ ಸೋಮವಾರ. ಬೆಳಗಿನ ಜಾವ 6:05ರ ಒಳಗೆ ಹಸು ಹೊಸಿಲು ದಾಟಬೇಕು ಎಂದು ಪುರೋಹಿತರು ಬರೆದುಕೊಟ್ಟಿದ್ದರು. ನಾಟಿ ಹಸು ಸಿಗಲಿಲ್ಲ. ಪಕ್ಕದ ಹಾಲಿನವರ ಸೀಮೆಹಸು ಬಂತು, ದೊಡ್ಡ ಪ್ರಾಣಿ. ಕೊಂಬಿಗೆ ಅರಿಶಿನ, ಕೊರಳಿಗೆ ಸೇವಂತಿಗೆ ಹಾರ. ಗೇಟು ದಾಟಿತು, ಮೆಟ್ಟಿಲು ಹತ್ತಿತು, ಹೊಸಿಲ ಮುಂದೆ ನಿಂತುಬಿಟ್ಟಿತು. ಒಳಗೆ ಕನ್ನಡಿಯಂಥ ಟೈಲ್ಸು. ಅದರಲ್ಲಿ ಇನ್ನೊಂದು ಹಸು ತಲೆಕೆಳಗಾಗಿ ನಿಂತು ಇದನ್ನೇ ನೋಡುತ್ತಿದೆ. ಯಾವ ಹಸು ತಾನೇ ಒಳಗೆ ಹೋದೀತು?

ಬಾಳೆಹಣ್ಣು ತೋರಿಸಿದರು. ಹಣ್ಣು ತಿಂದಿತು, ಕದಲಲಿಲ್ಲ. ಹಿಂದಿನಿಂದ ಇಬ್ಬರು ತಳ್ಳಿದರು. ಸಗಣಿ ಹಾಕಿತು. ಹೆಂಗಸರು ಶುಭ ಎಂದರು. ಮಾವ ತಮ್ಮ ಕೈಗಡಿಯಾರ ನೋಡಿ, "ಮುಹೂರ್ತ ಮುಗಿದು ಐದು ನಿಮಿಷ ಆಯ್ತು" ಎಂದು ಘೋಷಿಸಿದರು. ಅದೂ ಹತ್ತು ನಿಮಿಷ ಮುಂದೆ ಎಂದು ಹೊಸಬರಿಗೆ ಗೊತ್ತಿಲ್ಲ, ಮನೆಯೊಡತಿ ಅಳುವುದೊಂದು ಬಾಕಿ. ಪುರೋಹಿತರ ವಾಚಿನಲ್ಲಿ ಇನ್ನೂ ಮೂರು ನಿಮಿಷವಿತ್ತು. ಮನೆ ಕಟ್ಟಿದವನು ನನ್ನ ಕಡೆ ತಿರುಗಿ, "ಭಾವ, ನೀವು ಟೈಮಿನಲ್ಲಿ ಎಕ್ಸ್‌ಪರ್ಟ್ ಅಲ್ವಾ, ಈಗ ಎಷ್ಟು?" ಎಂದ.

ಮೂರು ವರ್ಷ ಮಹಡಿ ಕೋಣೆಯಲ್ಲಿ ಕೂತು ಕಾದಿದ್ದು ಈ ಪ್ರಶ್ನೆಗೇ. "6:03:10" ಎಂದೆ. ಅಷ್ಟಕ್ಕೆ ಬಿಡಬಹುದಿತ್ತು. ಬಿಡಲಿಲ್ಲ. "ಸ್ವಾಮಿ, ಈ ಪಂಚಾಂಗ ಯಾವ ಊರಿನ ಸೂರ್ಯೋದಯಕ್ಕೆ ಗುಣಿಸಿದ್ದು?" ಎಂದು ಕೇಳಿದೆ. "ಬೆಂಗಳೂರಿಗೆ" ಎಂದರು. ಹಾಗಾದರೆ ಇನ್ನೂ ಟೈಮಿದೆ ಎಂದು ನಾನು ಶುರುಮಾಡಿದೆ. ನಾವು ಬೆಂಗಳೂರಿಗಿಂತ ಪಶ್ಚಿಮಕ್ಕೆ ಅರ್ಧ ಡಿಗ್ರಿ. ಡಿಗ್ರಿಗೆ ನಾಲ್ಕು ನಿಮಿಷ. ಆದ್ದರಿಂದ ನಮ್ಮಲ್ಲಿ ಸೂರ್ಯ ಹುಟ್ಟುವುದು ಸುಮಾರು ಎರಡು ನಿಮಿಷ ತಡ. ಮುಹೂರ್ತ 6:07ರವರೆಗೂ ಇದೆ. ಪುರೋಹಿತರು ಅಕ್ಷತೆ ಹಿಡಿದ ಕೈ ಹಾಗೇ ಇಟ್ಟುಕೊಂಡು ಹೇಳಿದರು: "ಹಸು ಕಾಲಿಟ್ಟಾಗಲೇ ಮುಹೂರ್ತ. ನೀವು ಸ್ವಲ್ಪ ಪಕ್ಕಕ್ಕೆ ಬನ್ನಿ, ಅದಕ್ಕೆ ದಾರಿ ಬಿಡಿ."

ಕೊನೆಗೆ ಯಾರೋ ಅಜ್ಜಿ ಗೋಣಿಚೀಲ ಹಾಸಿಸಿ, ಕರುವನ್ನು ಮೊದಲು ಒಳಗೆ ಬಿಡಿಸಿದರು. ಹಸು ಹಿಂದೆಯೇ ನುಗ್ಗಿತು. 6:06:20. ಅಂದರೆ ಬೆಂಗಳೂರಿನ ಲೆಕ್ಕದಲ್ಲಿ ತಪ್ಪಿದ ಮುಹೂರ್ತ ತುಮಕೂರಿನ ಲೆಕ್ಕದಲ್ಲಿ ಸಿಕ್ಕಿತು. ಆ ಮನೆಯ ಯೋಗಕ್ಷೇಮ ನನ್ನ ನಲವತ್ತು ಸೆಕೆಂಡಿನ ಮೇಲೆ ನಿಂತಿದೆ ಎಂದರೆ ಹೆಚ್ಚಲ್ಲ. ಯಾರೂ ಗಮನಿಸಲಿಲ್ಲ. ಅಜ್ಜಿಗೆ ಮಾತ್ರ ಸೀರೆ ಕೊಟ್ಟರು.

ಅಲ್ಲಿಗೂ ಮುಗಿಯಲಿಲ್ಲ. ವಿಡಿಯೊದವನು ಬಂದು, ಬೆಳಕು ಸಾಲಲಿಲ್ಲ, ಹಸು ಇನ್ನೊಂದು ಸಲ ಒಳಗೆ ಬರಲಿ ಎಂದ. ಬಿಸಿಲು ಬಂದಮೇಲೆ ಹಸುವನ್ನು ಮತ್ತೆ ಬೀದಿಗೆ ಕರೆದೊಯ್ದು ಮತ್ತೆ ಒಳಗೆ ತಂದರು. ಆಗ 7:40. ಸೋಮವಾರ ಏಳೂವರೆಯಿಂದ ರಾಹುಕಾಲ. ಆಲ್ಬಮ್ಮಿನಲ್ಲಿ ಇರುವುದು ಆ ಹಸು. ನನ್ನ ಹಸುವಿನ ಫೋಟೊ ಒಂದೂ ಇಲ್ಲ.

ಈ ಪ್ರಸಂಗದ ಧೈರ್ಯದ ಮೇಲೇ ನಾನು ಮಾವನ ಹತ್ತಿರ ಹಾಲ್ ಗಡಿಯಾರದ ಮಾತೆತ್ತಿದ್ದು. ತಪ್ಪು ಮಾಡಿದೆ. ಭಾರತದ ಟೈಮು 82.5 ಡಿಗ್ರಿ ರೇಖಾಂಶದ್ದು, ಆ ರೇಖೆ ಹೋಗುವುದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ, ಅದನ್ನು ಕಾಯುವುದು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಸೀಸಿಯಂ ಗಡಿಯಾರಗಳು, ಸೀಸಿಯಂ ಪರಮಾಣು 9,192,631,770 ಸಲ ತೂಗಿದರೆ ಒಂದು ಸೆಕೆಂಡು, ಇಡೀ ದೇಶ ಅದರ ಹಿಂದೆ ನಡೆಯುತ್ತಿರುವಾಗ ನಮ್ಮ ಹಾಲ್ ಒಂದು ಯಾಕೆ ಬೇರೆ, ಎಂದು ಕೇಳಿದೆ.

ಮಾವ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು. "ತುಮಕೂರು ಎಷ್ಟು ಡಿಗ್ರಿ?"

"77.1."

"ಡಿಗ್ರಿಗೆ ನಾಲ್ಕು ನಿಮಿಷ ಅಂದ್ರಿ ಅವತ್ತು."

ಅವರು ಮನಸ್ಸಿನಲ್ಲೇ ಗುಣಿಸಿದರು. ನನಗೆ ಬೆವರಿತು. "ಅಂದ್ರೆ ನಮ್ಮೂರಿನ ಸೂರ್ಯನಿಗಿಂತ ಸರ್ಕಾರದ ಗಡಿಯಾರವೇ 21 ನಿಮಿಷ ಮುಂದಿದೆ. ಇನ್ನೂ ಸ್ವಲ್ಪ ಜಾಸ್ತೀನೇ. ಅಷ್ಟು ದೂರ ಓಡಿದವರಿಗೆ ನನ್ನದೊಂದು ಹತ್ತು ಭಾರವಾಯ್ತಾ ಅಳಿಯಂದ್ರೇ?"

ನನ್ನ ಹೆಂಡತಿ ನಕ್ಕಳು. ಅವಳು ನನ್ನ ಪಕ್ಷಕ್ಕೆ ಬರುವುದು ಕಡಿಮೆ. ಅದಕ್ಕೂ ಕಾರಣವಿದೆ. 2017ರ ಜನವರಿ 1ರ ಬೆಳಗಿನ ಜಾವ ನಾನು ಅವಳನ್ನು ಎಬ್ಬಿಸಿ ಮೇಲೆ ಕರೆತಂದಿದ್ದೆ. ಭೂಮಿ ತಿರುಗುವುದು ಸೀಸಿಯಮ್ಮಿನಷ್ಟು ಶಿಸ್ತಿಲ್ಲ, ಅದಕ್ಕೆ ಆಗಾಗ ಒಂದು ಸೆಕೆಂಡು ಹೆಚ್ಚಿಗೆ ಸೇರಿಸುತ್ತಾರೆ. ಆ ದಿನ ನಮಗೆ 5:29:59 ಆದಮೇಲೆ ಐದೂವರೆ ಬರುವುದಿಲ್ಲ, 5:29:60 ಬರುತ್ತದೆ. ನಿಕ್ಸಿ ಟ್ಯೂಬಿನಲ್ಲಿ '60' ಎಂಬ ಅಂಕಿ ಉರಿಯುವುದನ್ನು ನೋಡುವ ಭಾಗ್ಯ ಎಷ್ಟು ಜನಕ್ಕಿದೆ? ಬಂತು. ಅವಳು ಆಕಳಿಸುತ್ತಿದ್ದಳು. ಆಕಳಿಕೆ ಮುಗಿಯುವಷ್ಟರಲ್ಲಿ ಹೋಗಿತ್ತು. "ಎಲ್ಲಿ?" ಎಂದಳು. ಆಮೇಲೆ ಅಂಥ ಸೆಕೆಂಡು ಒಂದೂ ಬಂದಿಲ್ಲ. 2035ರ ಹೊತ್ತಿಗೆ ಈ ಪದ್ಧತಿಯನ್ನೇ ಬಿಡುವುದೆಂದು 2022ರಲ್ಲಿ ತೀರ್ಮಾನವೂ ಆಗಿದೆ. ಕಂಪ್ಯೂಟರುಗಳಿಗೆ ತೊಂದರೆಯಂತೆ. ಇಡೀ ಭೂಮಿ ಹೊಂದಿಕೊಂಡು ಹೋಗಬೇಕು, ಕಂಪ್ಯೂಟರಿಗೆ ಒಂದು ಸೆಕೆಂಡು ತಾಳಲಾಗುವುದಿಲ್ಲ.

ಈ ಸಂಕ್ರಾಂತಿಯ ಮಾರನೇ ದಿನ ಹಾಲ್ ಗಡಿಯಾರ ನಿಂತಿತು. ಸೆಲ್ ಹಾಕಿದ್ದು ಯುಗಾದಿಗೆ. ಆಗ ನಿಜವಾಗಿಯೂ ಹತ್ತು ನಿಮಿಷಕ್ಕೇ ಇಟ್ಟಿದ್ದರೆ, ಇಷ್ಟು ದಿನದಲ್ಲಿ ಅದು ಹೆಚ್ಚಿಗೆ ಓಡಿದ್ದು ನೂರು ಸೆಕೆಂಡು, ದಿನಕ್ಕೆ ಸೆಕೆಂಡಿನ ಮೂರನೇ ಒಂದು ಭಾಗ. ಇನ್ನೂರು ರೂಪಾಯಿ ಗಡಿಯಾರಕ್ಕೆ ಇದು ಕೆಟ್ಟ ಹೆಸರಲ್ಲ. ಬೇಸರದಿಂದಲೇ ಒಪ್ಪಿಕೊಂಡೆ.

ಮಾವನಿಗೆ ಮಂಡಿ ನೋವು, ಸ್ಟೂಲು ಹತ್ತುವಂತಿಲ್ಲ. "ನೀವೇ ಹಾಕಿಬಿಡಿ, ಹತ್ತು ನಿಮಿಷ ಮುಂದೆ" ಎಂದರು. ನಾನು ಮೇಲಿನಿಂದ ಜಿಪಿಎಸ್ ಇಳಿಸಿ ತಂದೆ. ಅದರ ಮಿಡಿತಕ್ಕೆ ಒಂದು ಸಣ್ಣ ಬಜರ್ ಕಟ್ಟಿದೆ. ಆಂಟೆನಾವನ್ನು ಕಿಟಕಿಯಿಂದ ಆಚೆ ನೇತುಹಾಕಿದೆ. ಮುಳ್ಳುಗಳನ್ನು ಮೊದಲೇ ಕೂರಿಸಿಟ್ಟು, ಸ್ಟೂಲಿನ ಮೇಲೆ ನಿಂತು, ಸೆಲ್ಲನ್ನು ಬೆರಳಿನಲ್ಲಿ ಹಿಡಿದು, ಸರಿಯಾದ 'ಬೀಪ್'ಗೆ ಕಾದು ಒತ್ತಿದೆ. ಕಿವಿಗೂ ಕೈಗೂ ಆಗುವ ತಡ ಬಿಟ್ಟರೆ, 600 ಸೆಕೆಂಡು ಮುಂದೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇಡೀ ತುಮಕೂರಿನಲ್ಲಿ ಇಷ್ಟು ಸರಿಯಾಗಿ ತಪ್ಪಿರುವ ಗಡಿಯಾರ ಇನ್ನೊಂದಿರಲಿಕ್ಕಿಲ್ಲ.

ಸಂಜೆ ಮಾವ ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡು ಗಡಿಯಾರದ ಮುಂದೆ ನಿಂತರು. ಕೈಗಡಿಯಾರ ನೋಡಿದರು. ಮತ್ತೆ ಗೋಡೆ ನೋಡಿದರು.

"ಯಾಕೋ ಸ್ವಲ್ಪ ಸ್ಲೋ ಇದೆಯಲ್ಲ ಅಳಿಯಂದ್ರೇ" ಎಂದರು.

ಬೆಳಗ್ಗೆ ಅಳೆದೆ. 12 ನಿಮಿಷ 15 ಸೆಕೆಂಡು. ಸ್ಟೂಲು ಯಾರು ಹತ್ತಿದರೋ ಗೊತ್ತಿಲ್ಲ.