ಜಾಕೆಟ್ ಮೇಲೆ ಕೂತು ದ್ವೀಪ ನೋಡಿದ್ದು

ಶಿರಸಿಯಿಂದ ಎರಡು ಟೆಂಪೊ ಟ್ರಾವೆಲರ್ ಮಾಡಿಕೊಂಡು ಕಾರವಾರಕ್ಕೆ ಹೋದೆವು. ಒಟ್ಟು 26 ಜನ. ಬೋಟಿನ ಪಕ್ಕ ‘20 ಜನರಿಗೆ ಮಾತ್ರ’ ಎಂಬ ಬೋರ್ಡು. ಬೋಟಿನವನು ನಮ್ಮನ್ನೊಮ್ಮೆ ಎಣಿಸಿದ, ಬೋರ್ಡನ್ನೊಮ್ಮೆ ನೋಡಿದ.

“ಮಕ್ಕಳೆಷ್ಟು?”

“ಆರು.”

“ಹಾಗಾದ್ರೆ ಸರಿಯಾಯ್ತಲ್ಲ!”

ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಚಿಕ್ಕಂದಿನಲ್ಲಿ ನಾವೂ ಆಡಿದವರೇ. ಅರಬ್ಬೀ ಸಮುದ್ರವೂ ಅದೇ ಲೆಕ್ಕ ಹಿಡಿಯುತ್ತದೆ ಅಂತ ಮಾತ್ರ ಗೊತ್ತಿರಲಿಲ್ಲ. ಲೆಕ್ಕಕ್ಕಿಲ್ಲದ ಆ ಆರು ಮಕ್ಕಳಲ್ಲಿ ಒಬ್ಬ ಪಿಯುಸಿ ಓದುವ ಮಾಣಿ. ತೂಕ 78 ಕೆಜಿ.

ಆಮೇಲೆ ಲೈಫ್ ಜಾಕೆಟ್ ಬಂತು. ಒಂದು ಕಾಲದಲ್ಲಿ ಕೇಸರಿ ಬಣ್ಣ ಇದ್ದಿರಬೇಕು, ಈಗ ಹಳೇ ಪಂಚೆಯ ಬಣ್ಣ. ನನ್ನದಕ್ಕೆ ಬಕಲ್ ಇರಲಿಲ್ಲ. ಅದರ ಜಾಗದಲ್ಲಿ ಬಲೆಯ ದಾರ ಕಟ್ಟಿದ್ದರು. ಅತ್ತೆ ತನ್ನದನ್ನು ಮೂಸಿ ನೋಡಿ ವಾಪಸ್ ಕೊಟ್ಟಳು. “ಎಂಗೆ ಬ್ಯಾಡ, ಮೀನು ವಾಸನೆ ಬತ್ತು.” ಮುಳುಗಿದರೂ ಚಿಂತೆಯಿಲ್ಲ, ಬಂಗಡೆಯ ಸಹವಾಸ ಬೇಡ!

ಆದರೆ ಫೋಟೊ ಅಂದಕೂಡಲೇ ಅತ್ತೆಯೂ ಸೇರಿ ಎಲ್ಲರೂ ಹಾಕಿಕೊಂಡೆವು. ಹಲ್ಲು ಕಿರಿದೆವು. ಕ್ಲಿಕ್ ಆಯಿತು. ತೆಗೆದೆವು. ಸೆಕೆ ಅಲ್ವಾ. ಬೋಟಿನ ಹಲಗೆ ಬೇರೆ ಗಟ್ಟಿ. “ಜಾಕೆಟ್ ಎಲ್ರಿಗೂ ಇದೆ, ಕೂತ್ಕೊಳ್ಳಿ” ಎಂದ ಬೋಟಿನವನು. ಅವನ ಮಾತನ್ನು ಅಕ್ಷರಶಃ ಪಾಲಿಸಿದೆವು.

ನೋಟ ಚಂದವೇ ಬಿಡಿ. ಹಿಂದೆ ಸದಾಶಿವಗಡದ ಗುಡ್ಡ, ಕಾಳಿ ನದಿಯ ಅಳಿವೆ. ಎದುರಿಗೆ ಬೆನ್ನು ಮೇಲೆ ಮಾಡಿ ಮಲಗಿದ ಆಮೆಯ ಹಾಗೆ ಕೂರ್ಮಗಡ ದ್ವೀಪ. ಆಚೆ ದೇವಗಡದ ದೀಪಸ್ತಂಭ, ಅದು 1864ರದ್ದು. ಆದರೆ ಬೋಟಿನ ಸ್ಪೀಕರಿನಲ್ಲಿ ಹಾಡು ಎಷ್ಟು ಜೋರಿತ್ತೆಂದರೆ, ಬೋಟಿನವನ ಬಾಯಿ ಆಡುವುದು ಕಾಣುತ್ತಿತ್ತೇ ಹೊರತು ಯಾವ ದ್ವೀಪ ಯಾವುದು ಅಂತ ಕೇಳುತ್ತಿರಲಿಲ್ಲ. ಅಂಜುದೀವಿನ ಕಡೆ ಕೈ ತೋರಿಸಿದಾಗ ಮಾತ್ರ ಹಾಡು ನಿಲ್ಲಿಸಿ ಹೇಳಿದ. “ಅಲ್ಲಿ ನೇವಿ. ಹತ್ರ ಹೋಗಂಗೇ ಇಲ್ಲ.” ಒಂದು ಮಾರು ಕೂಡ ಆ ಕಡೆ ಹೋಗಲಿಲ್ಲ. ‘ಮಕ್ಕಳೆಷ್ಟು’ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ನಿಯಮ ಪಾಲಿಸಲು ನಮಗೆ ಚೆನ್ನಾಗಿಯೇ ಬರುತ್ತದೆ, ಎದುರಿಗೆ ಬಂದೂಕು ಇರಬೇಕು ಅಷ್ಟೆ.

ಕೂರ್ಮಗಡ ಹತ್ತಿರವಾದಾಗ ಭಾವ ದನಿ ತಗ್ಗಿಸಿದ. ಇಲ್ಲಿನ ನರಸಿಂಹ ದೇವರ ಜಾತ್ರೆ ಮುಗಿಸಿ ವಾಪಸಾಗುತ್ತಿದ್ದ ಬೋಟು 2019ರ ಜನವರಿ 21ರಂದು ಮಗುಚಿತ್ತು. ಸತ್ತವರು 16 ಜನ. ಮಕ್ಕಳೂ ಇದ್ದರು. ಭಾವ ಇದನ್ನೆಲ್ಲ ಹೇಳಿದ್ದು ಜಾಕೆಟ್ ಮೇಲೆ ಕೂತೇ. ನಾವು ಕೇಳಿದ್ದೂ ಜಾಕೆಟ್ ಮೇಲೆ ಕೂತೇ. “ಅಯ್ಯೋ ಪಾಪ” ಎಂದೆವು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅತ್ತಿಗೆ ಬಾಳೆಕಾಯಿ ಚಿಪ್ಸಿನ ಪ್ಯಾಕೆಟ್ ಒಡೆದಳು.

ಅಷ್ಟರಲ್ಲಿ ಯಾರೋ “ಡಾಲ್ಫಿನ್!” ಎಂದರು. 26 ಜನವೂ ಎಡಗಡೆಗೆ ನುಗ್ಗಿದೆವು. ಬೋಟು ವಾಲಿತು. ಬೋಟು ನಡೆಸುವ ತಾಂಡೇಲ ಕೊಂಕಣಿಯಲ್ಲಿ ಏನೋ ಕೂಗಿದ. ಅರ್ಥವಾಗದ್ದು ಒಳ್ಳೆಯದೇ ಆಯಿತು. ನೋಡಿದರೆ ಡಾಲ್ಫಿನ್ ಅಲ್ಲ, ಯಾವುದೋ ಬಲೆಯ ಬೆಂಡು ತೇಲುತ್ತಿತ್ತು. ಬೆಂಡು ನೋಡಲು ಬಗ್ಗಿದವರೆಲ್ಲ ಬೆಂಡನ್ನು ಹಲಗೆಯ ಮೇಲೆ ಬಿಟ್ಟು ಬಂದಿದ್ದೆವು.

ವಾಪಸ್ ಬರುವಾಗ ದೂರದಲ್ಲಿ ಒಂದು ಬಿಳಿ ಬೋಟು. “ಹಾಕ್ಕೊಳ್ಳಿ, ಹಾಕ್ಕೊಳ್ಳಿ” ಎಂದ ಬೋಟಿನವನು. ಶಿರಸಿಯಲ್ಲಿ ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು ಓಡಾಡಿ, ಐದು ರಸ್ತೆ ಸರ್ಕಲ್ ಬಂದಾಗ ತಲೆಗೇರಿಸುವವರಿಗೆ ಇದೇನು ಕಷ್ಟ? ಅರ್ಧ ನಿಮಿಷದಲ್ಲಿ ಎಲ್ಲರೂ ರೆಡಿ. ಮಾಣಿ ಉಲ್ಟಾ ಹಾಕಿಕೊಂಡಿದ್ದ. ಹತ್ತಿರ ಬಂದದ್ದು ಮೀನಿನ ಬೋಟು. ಮತ್ತೆ ತೆಗೆದು ಮತ್ತೆ ಕೂತೆವು.

ರವೀಂದ್ರನಾಥ ಟ್ಯಾಗೋರರು ಇಪ್ಪತ್ತರ ಹರೆಯದಲ್ಲಿ ಇಲ್ಲಿಗೆ ಬಂದಿದ್ದರು. ಅಣ್ಣ ಇಲ್ಲಿ ಜಡ್ಜ್ ಆಗಿದ್ದರು. ಒಂದು ಬೆಳದಿಂಗಳ ರಾತ್ರಿ ಕಾಳಿಯಲ್ಲಿ ದೋಣಿ ವಿಹಾರ ಮಾಡಿದವರು, ಅಳಿವೆ ಬಂದಾಗ ಸಮುದ್ರದ ಮೇಲೆ ಹೋಗದೆ ಇಳಿದು ಮರಳಿನ ಮೇಲೆ ನಡೆದೇ ಮನೆಗೆ ಹೋದರಂತೆ. ಈಗ ಆ ಬೀಚಿಗೆ ಅವರದೇ ಹೆಸರು. ಬುದ್ಧಿಯನ್ನು ಮಾತ್ರ ಯಾವುದಕ್ಕೂ ಇಡಲಿಲ್ಲ.

ದಡ ಮುಟ್ಟಿದಾಗ ಹುಬ್ಬಳ್ಳಿ ಕಡೆಯ ಇನ್ನೊಂದು ಗುಂಪು ಕಾಯುತ್ತಿತ್ತು. ನಮ್ಮ ಜಾಕೆಟ್‌ಗಳನ್ನೇ ಅವರ ಕೈಗೆ ಕೊಟ್ಟರು. ಒಬ್ಬಾಕೆ ಮುಟ್ಟಿ ನೋಡಿ, “ಬೆಚ್ಚಗ ಅದಾವ ನೋಡ್ರಿ, ಈಗ ತಾನ ಹಾಕ್ಕೊಂಡಿದ್ರು ಕಾಣ್ತದ” ಎಂದಳು.

ನಾವು ಯಾರೂ ತಿದ್ದಲು ಹೋಗಲಿಲ್ಲ.