ಮೆಟ್ಟಿಲ ಕೆಳಗಿನ ಆ ಮೂಲೆಯನ್ನು ಕೆಂಪಿಗೆ ಬಿಟ್ಟುಕೊಡಿ

ನಿಟುವಳ್ಳಿಯ ನಮ್ಮ ಓಣಿಯವರಿಗೆ, ಹಾಗೇ ದಾವಣಗೆರೆಯ ಎಲ್ಲ ಓಣಿಯವರಿಗೂ.

ನಮ್ಮ ಓಣಿಯ ನಾಯಿ ಕೆಂಪಿಗೆ ದಿನ ತುಂಬಿದೆ. ಕಾರ್ತಿಕದಲ್ಲಿ ಬೆದೆಗೆ ಬಂದ ಬೀದಿನಾಯಿಗಳು ಸಂಕ್ರಾಂತಿ ಆಸುಪಾಸಿಗೆ ಮರಿ ಹಾಕುವುದನ್ನು ಪ್ರತಿ ವರ್ಷ ನೋಡುತ್ತೇವೆ. ಗಬ್ಬ ಸುಮಾರು 63 ದಿನ, ನಾಲ್ಕೈದು ದಿನ ಹಿಂದೆಮುಂದೆ. ಕೊನೆಕೊನೆಗೆ ಅವಕ್ಕೆ ಜಾಗದ್ದೇ ಚಿಂತೆ. ಕಾರಿನಡಿ, ಮರಳಿನ ರಾಶಿ, ಕಾಂಪೌಂಡಿನ ಮೂಲೆ, ಎಲ್ಲಾ ಕಡೆ ಕೆರೆದು ನೋಡುತ್ತವೆ. ನಾವು ಹೋದಲ್ಲೆಲ್ಲ ಓಡಿಸುತ್ತೇವೆ. ನನಗೆ ಸಿಟ್ಟು ಬರುವುದು ಅದಕ್ಕೇ.

ಹೋದ ವರ್ಷ ಕೆಂಪಿ ಕೊನೆಗೆ ಮರಳಿನ ರಾಶಿಯಲ್ಲೇ ಗುಂಡಿ ತೋಡಿ ಐದು ಮರಿ ಹಾಕಿದ್ದಳು. ಮೂರನೇ ದಿನ ಬೆಳಗಿನ ಚಳಿಗೆ ಎರಡು ಸೆಟೆದುಕೊಂಡು ಬಿದ್ದಿದ್ದವು. ಮೊದಲ ಎರಡು ವಾರ ಮರಿಗಳಿಗೆ ತಮ್ಮ ಮೈ ತಾವೇ ಬೆಚ್ಚಗಿಟ್ಟುಕೊಳ್ಳಲು ಬರುವುದಿಲ್ಲ, ಅವ್ವನ ಹೊಟ್ಟೆಯ ಕಾವೇ ಗತಿ. ಸತ್ತ ಮರಿಯನ್ನು ಬಾಯಲ್ಲಿ ಹಿಡಿದುಕೊಂಡು ನಮ್ಮ ಗೇಟಿನ ಮುಂದೆ ಬಂದು ನಿಂತಿದ್ದಳು. ಅದನ್ನು ಕಣ್ಣಾರೆ ಕಂಡವರೇ ಮೊನ್ನೆ ಅವಳ ಮೇಲೆ ಬಕೆಟ್ ನೀರು ಎರಚಿದರಲ್ಲ, ಅದನ್ನು ನನ್ನಿಂದ ಸಹಿಸಲಾಗಲಿಲ್ಲ.

ಈಗ ನಮ್ಮ ಮೆಟ್ಟಿಲ ಕೆಳಗೆ ಎರಡು ಮಂಡಕ್ಕಿ ಚೀಲ ಹಾಸಿ, ಮೇಲೆ ಅವ್ವನ ಹಳೇ ಸೀರೆ ಹಾಕಿದ್ದೇನೆ. ಸೀರೆಯನ್ನು ಹಲ್ಲಿನಿಂದ ಎಳೆದು, ಕೆರೆದು, ಸುತ್ತು ಹಾಕಿ, ಮತ್ತೆ ಎಳೆದು ತನಗೆ ಬೇಕಾದ ಹಾಗೆ ಮಾಡಿಕೊಂಡಿದ್ದಾಳೆ. ಒರಗಿ ಮಲಗಿದಾಗ ಪಕ್ಕೆಯ ಚರ್ಮದಡಿ ಒಂದು ಸಣ್ಣ ಉಬ್ಬು ಎದ್ದು, ಹಾಗೇ ಸರಿದು, ಇನ್ನೊಂದು ಕಡೆ ಏಳುತ್ತದೆ. ಅವ್ವ ನಿನ್ನೆ ಅದನ್ನೇ ನೋಡ್ತಾ ಕೂತು, 'ಪಾಪ, ಇಷ್ಟೆಲ್ಲ ಹೊತ್ಕಂಡು ತಿರುಗಾಡ್ತೈತಲ್ಲೇ' ಅಂದಳು.

ಕೆಂಪಿಗೆ ಏನಾದರೂ ಹಾಕಬೇಕು ಅನ್ನಿಸಿದರೆ ಅನ್ನ, ಬೇಯಿಸಿದ ಮೊಟ್ಟೆ, ಕೋಳಿ ಹಾಕಿ. ಹೊಟ್ಟೆಯಲ್ಲಿ ಮರಿಗಳೇ ತುಂಬಿರುವುದರಿಂದ ಒಂದೇ ಸಲಕ್ಕೆ ಉಣ್ಣಲಾಗುವುದಿಲ್ಲ; ಸ್ವಲ್ಪಸ್ವಲ್ಪ, ದಿನಕ್ಕೆ ಮೂರ್ನಾಲ್ಕು ಸಲ. ಉಳಿದ ನರ್ಗಿಸ್ ಮಂಡಕ್ಕಿ ಬೇಡ, ಅದರಲ್ಲಿರುವ ಈರುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತದೆ. ಕ್ಯಾಲ್ಸಿಯಂ ಸಿರಪ್ಪಂತೂ ಬೇಡವೇ ಬೇಡ. ಗಬ್ಬದಲ್ಲಿ ಮೇಲಿಂದ ಕ್ಯಾಲ್ಸಿಯಂ ಸುರಿದರೆ ಮೂಳೆಯಿಂದ ಅದನ್ನು ತೆಗೆದುಕೊಳ್ಳುವ ಕೆಲಸಕ್ಕೆ ಮೈ ಸೋಮಾರಿಯಾಗುತ್ತದೆ. ಮರಿಗಳು ಹಾಲು ಕುಡಿಯತೊಡಗಿದಾಗ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು, ತಾಯಿಗೆ ನಡುಕ, ಸೆಳೆತ ಬಂದು ಜೀವಕ್ಕೇ ಕುತ್ತು. ಪ್ರೀತಿಯಿಂದ ಕೊಟ್ಟದ್ದೇ ಮುಳುವಾಗುವುದು ಹೀಗೆ.

'ಇಷ್ಟು ಕಾಳಜಿ ಇದ್ರೆ ಆಪರೇಷನ್ ಮಾಡ್ಸಿ' ಅಂದರು ಒಬ್ಬರು. ಮಾಡಿಸುತ್ತೇನೆ. ಮರಿಗಳು ಹಾಲು ಬಿಟ್ಟ ಮೇಲೆ ನಾನೇ ಕರೆದುಕೊಂಡು ಹೋಗುತ್ತೇನೆ. ಆದರೆ ಪ್ರಾಣಿಗಳ ಸಂತಾನ ನಿಯಂತ್ರಣದ 2023ರ ನಿಯಮದ ಪ್ರಕಾರ ಮರಿಯಾಗದ ಹಾಗೆ ಆಪರೇಷನ್ ಆದ ಬೀದಿನಾಯಿಯನ್ನು ಹಿಡಿದ ಜಾಗದಲ್ಲೇ ಬಿಡಬೇಕು. ಕೆಂಪಿ ಇದೇ ಓಣಿಗೆ ವಾಪಸ್ ಬರುತ್ತಾಳೆ.

ಕೆಂಪಿ ಮುಟ್ಟಿಸಿಕೊಳ್ಳುತ್ತಾಳೆ, ಹಾಗಾಗಿ ದಿನಾ ಎರಡು ಹೊತ್ತು ಥರ್ಮಾಮೀಟರ್ ಇಟ್ಟು ನೋಡುತ್ತಿದ್ದೇನೆ. 101ರ ಮೇಲಿರುತ್ತಿದ್ದದ್ದು ಇವತ್ತು ಸಂಜೆ 98.8 ತೋರಿಸಿತು. 99ಕ್ಕಿಂತ ಕೆಳಗಿಳಿದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಹೆರಿಗೆ. ಅರ್ಧ ಗಂಟೆ ಜೋರಾಗಿ ತಿಣುಕಿದರೂ ಮರಿ ಬರದಿದ್ದರೆ, ಅಥವಾ ಮೊದಲ ಮರಿಗೂ ಮುಂಚೆ ಹಸಿರು ನೀರು ಕಂಡರೆ ಡಾಕ್ಟರಿಗೆ ಫೋನ್ ಮಾಡಬೇಕು. ನಂಬರ್ ಗೋಡೆಗೆ ಅಂಟಿಸಿದ್ದೇನೆ.

ಬೆಳಿಗ್ಗೆ ಅಂಗಳ ತೊಳೆಯುವವರು ದಯವಿಟ್ಟು ಪೈಪನ್ನು ನಮ್ಮ ಮೆಟ್ಟಿಲ ಕಡೆ ತಿರುಗಿಸಬೇಡಿ. ಮಕ್ಕಳಿಗೂ ಎರಡು ದಿನ ಆ ಕಡೆ ಹೋಗಬೇಡಿ ಅಂತ ಹೇಳಿ.