ಒಂದೇ ಒಂದು ಹಲ್ಲು

ನನ್ನ 100 ಸಿಸಿ ಗಾಡಿ ತನ್ನ ಪಾಡಿಗೆ ಚೆನ್ನಾಗಿಯೇ ಓಡಿಕೊಂಡಿತ್ತು. ಪೆಟ್ರೋಲ್ ಬಂಕಿನಲ್ಲಿ ಸಿಕ್ಕ ಪರಿಚಯದವರೊಬ್ಬರು, "ಮುಂದಿನ ಸ್ಪ್ರಾಕೆಟ್‌ಗೆ ಒಂದೇ ಒಂದು ಹಲ್ಲು ಜಾಸ್ತಿ ಹಾಕ್ಸಿ ನೋಡಿ, ಮೈಲೇಜ್ ಹೇಗೆ ಬರುತ್ತೆ" ಅಂದರು. ಸ್ಪ್ರಾಕೆಟ್ ಅಂದರೆ ಚೈನು ಕೂರುವ ಹಲ್ಲಿನ ಚಕ್ರ; ಮುಂದಿನದು ಇಂಜಿನ್ನಿನ ಕಡೆ, ಹಿಂದಿನದು ಹಿಂದಿನ ಗಾಲಿಗೆ. ನನ್ನ ಕಿವಿ ನೆಟ್ಟಗಾಯಿತು.

14 ಹಲ್ಲಿದ್ದ ಜಾಗಕ್ಕೆ 15 ಹಲ್ಲಿನದು ಬಂತು. ಹಿಂದಿನ 42 ಹಾಗೇ ಇತ್ತು. ಮೊದಲು ಮುಂದಿನದು 3 ಸುತ್ತು ತಿರುಗಿದರೆ ಹಿಂದಿನ ಗಾಲಿಗೆ ಒಂದು ಸುತ್ತು, ಈಗ 2.8ಕ್ಕೇ ಆಗುತ್ತಿತ್ತು. ಉಡುಪಿಯ ಹೆದ್ದಾರಿಯಲ್ಲಿ 60ರಲ್ಲಿ ಹೋದರೂ ಇಂಜಿನ್ನಿನದು ಬೆಕ್ಕಿನ ಗುರುಗುರು ಅಷ್ಟೆ.

ಅಲ್ಲಿಗೆ ಸುಮ್ನಿರಬೇಕಿತ್ತು ಅಲ್ವಾ? ಹಿಂದಿನ ಟೈರ್ ಸವೆದಿತ್ತು. ದಪ್ಪದ್ದು ಹಾಕಿಸಿದರೆ ಹಿಂದೆ ಬರುವವರು ದೊಡ್ಡ ಬೈಕು ಅಂದುಕೊಳ್ಳಲಿ ಅಂತ ಆಸೆ. ದಪ್ಪ ಟೈರ್ ಎತ್ತರವೂ ಇರುತ್ತದೆ ಅನ್ನುವುದು ಆಮೇಲೆ ಟೇಪ್ ಹಿಡಿದಾಗ ಗೊತ್ತಾಯಿತು. 61 ಸೆಂ.ಮೀ. ಇದ್ದ ಗಾಲಿ 64 ಆಗಿತ್ತು. ಲೆಕ್ಕ ಹಾಕಿದರೆ ಇನ್ನೊಂದು ಮುಕ್ಕಾಲು ಹಲ್ಲು ಕೂಡಿಸಿದ ಹಾಗೆ! ಅದೇ ದಾರಿಗೆ ಇಂಜಿನ್ ಕಡಿಮೆ ಸುತ್ತಿದಷ್ಟೂ ಎಳೆತವೂ ಕಡಿಮೆ. ಎರಡೂ ಸೇರಿ ಗಾಡಿಯ ಎಳೆತ ಶೇ 11ರಷ್ಟು ಇಳಿದಿತ್ತು. (ಸ್ಪೀಡೋಮೀಟರ್ ಕೇಬಲ್ ಮುಂದಿನ ಗಾಲಿಯದು. ಹಾಗಾಗಿ ಅದಕ್ಕೆ ಈ ಅನಾಹುತದ ಸುಳಿವೇ ಇರಲಿಲ್ಲ.)

ಇದೆಲ್ಲ ಲೆಕ್ಕ ಹಾಕಿದ್ದು ಆಗುಂಬೆ ಘಾಟಿ ಹತ್ತಿದ ಮೇಲೆ. ತೀರ್ಥಹಳ್ಳಿಯ ಮಾವನ ಮನೆಗೆ ಹೊರಟಿದ್ದೆವು. ಹಿಂದೆ ಹೆಂಡತಿ, ಮಧ್ಯೆ ಬಾಳೆಹಣ್ಣಿನ ಚೀಲ. ಸೋಮೇಶ್ವರ ದಾಟಿ ಮೊದಲ ತಿರುವಿಗೆ ಸೆಕೆಂಡ್ ಗೇರ್ ಸೋತಿತು. ಮೂರನೆಯದಕ್ಕೆ ಫಸ್ಟ್ ಗೇರೂ ಏದುಸಿರು ಬಿಟ್ಟಿತು. ಹಾಫ್ ಕ್ಲಚ್ಚಿನಲ್ಲಿ ಎಳೆದೆ. ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬಂತು. ಅಲ್ಲಿರುವುದು 14 ತಿರುವು. ನನ್ನ ಹಳೆಯ ಸ್ಪ್ರಾಕೆಟ್‌ಗೂ ಅಷ್ಟೇ ಹಲ್ಲು. ಘಾಟಿಯ ದೇವರು ತಿರುವಿಗೊಂದರಂತೆ ಎಣಿಸಿಯೇ ಕೊಟ್ಟಿದ್ದನೋ ಏನೋ.

"ರೀ, ನಾನು ನಡ್ಕೊಂಡು ಬರ್ತೀನಿ. ನೀವು ಗಾಡೀನ ನಿಧಾನಕ್ಕೆ ಕರ್ಕೊಂಡು ಬನ್ನಿ" ಎಂದು ಇವಳು ಇಳಿದಳು. ಕ್ಲಚ್ ತಣಿಯಲಿ ಅಂತ ನಿಂತು ನಿಂತು ಹೊರಡುತ್ತಿದ್ದ ನನಗಿಂತ ಮುಂಚೆ ಮುಂದಿನ ತಿರುವು ಮುಟ್ಟಿ, ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ನಾಲ್ಕು ಮಂಗಗಳು. ಅಷ್ಟರಲ್ಲಿ ಬಾಳೆಹಣ್ಣು ಖಾಲಿಯಾಗಿತ್ತು.

ಮರುವಾರವೇ 14 ಹಲ್ಲಿನದು ವಾಪಸ್ ಬಂತು. "13 ಹಾಕೋಣ ಸಾರ್, ಪಿಕಪ್ ನೋಡಿ ಆಗ! ಘಾಟೀನ ಹಾರಿಸ್ಬಿಡುತ್ತೆ" ಎಂದ ಮೆಕ್ಯಾನಿಕ್. ಹೆದ್ದಾರಿಯಲ್ಲಿ ಇಂಜಿನ್ ಅರಚಿಕೊಳ್ಳುವುದನ್ನು ನೆನೆದು ಕೈ ಮುಗಿದೆ. ದಪ್ಪ ಟೈರ್ ಮಾತ್ರ ಹಾಗೇ ಇದೆ, ದುಡ್ಡು ಕೊಟ್ಟಾಗಿದೆಯಲ್ಲ. ತವರಿಗೆ ಹೊರಡುವಾಗ ಇವಳು ಸೀಟಿನ ಮೇಲೆ ಕೈಯಿಟ್ಟು ಒಂದು ಸಲ ಕೇಳುತ್ತಾಳೆ:

"ರೀ, ಈಗ ಎಷ್ಟು ಹಲ್ಲು?"